ನೀರು ಬೇಡವೆಂಬ ಅರ್ಜಿ

ನಮ್ಮ ಹಾನಗಲ್ ಸೀಮೆಯಲ್ಲಿ ಯಾರೇ ಎದುರಾಗಲಿ, ಕ್ಷೇಮಸಮಾಚಾರಕ್ಕಿಂತ ಮೊದಲು ಬರುವ ಪ್ರಶ್ನೆ ಒಂದೇ: "ನಿಮ್ಮೂರ ಕೆರಿ ತುಂಬಿತೇನ್ರಿ?" ಕೇಳುವವನಿಗೆ ಆ ಊರಲ್ಲಿ ಹೊಲವಿರಬೇಕೆಂದಿಲ್ಲ, ನೆಂಟರಿರಬೇಕೆಂದೂ ಇಲ್ಲ. ತುಂಬಿದೆ ಎಂದರೆ ಇಬ್ಬರ ಮುಖವೂ ಅರಳುತ್ತದೆ. ಇಲ್ಲವೆಂದರೆ ಇಬ್ಬರೂ ಒಮ್ಮೆ ಮುಗಿಲು ನೋಡಿ, ಆಮೇಲೆ ಚಹಾ ಕುಡಿಯಲು ಹೋಗುತ್ತಾರೆ.

ಈ ಜಲಚಿಂತೆಯೇ ನನಗೊಂದು ಪದವಿಯನ್ನೂ ದಯಪಾಲಿಸಿತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ಸಾಹಿತಿಯೆನಿಸಿಕೊಳ್ಳುವ ಯೋಗ ಒದಗದಿದ್ದರೂ, ಅರ್ಜಿ ಬರೆಯುವವನೆಂಬ ಕೀರ್ತಿ ಮಾತ್ರ ಧಾರಾಳವಾಗಿ ದಕ್ಕಿತು. ಹೂಳೆತ್ತಿಸಬೇಕಾದರೂ ಕಾಲುವೆ ತರಿಸಬೇಕಾದರೂ ಸವಣೂರಿನ ಎಲೆತೋಟದವರು, ಶಿಗ್ಗಾಂವಿಯ ರೈತರು, ಹಿರೇಕೆರೂರಿನ ಕಡೆಯ ಕೆರೆ ಸಮಿತಿಗಳವರು ನನ್ನ ಪಡಸಾಲೆಗೇ ಬರುತ್ತಿದ್ದರು. ಸರಕಾರದ ಅನುದಾನವೆಂಬ ದೇವತೆಯನ್ನು ಆವಾಹಿಸುವ ಮಂತ್ರಗಳೆಲ್ಲ ಕಂಠಸ್ಥವಾಗಿ, 'ಸವಿನಯ ಪ್ರಾರ್ಥನೆ'ಯಿಂದ ಹೊರಟ ಪೆನ್ನು 'ತಮ್ಮ ವಿಶ್ವಾಸಿ'ಯನ್ನು ಮುಟ್ಟುವವರೆಗೆ ತಾನೇ ನಡೆಯುತ್ತಿತ್ತು. ನಾನು ಹಿಡಿದುಕೊಂಡಿದ್ದರೆ ಸಾಕಿತ್ತು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ತಂಗಿ ಗಿರಿಜಾ ಫೋನ್ ಮಾಡಿದಳು. ಕುಮಟೆಯ ಕಡೆ ಸಮುದ್ರದಂಚಿನ ಸಣ್ಣ ಊರೊಂದಕ್ಕೆ ಶಿಕ್ಷಕಿಯಾಗಿ ಹೋದವಳು, ಅದೇ ಶಾಲೆಯ ಮಾಸ್ತರರನ್ನು ಮದುವೆಯಾಗಿ ಅಲ್ಲಿಯವಳೇ ಆದಳು. ಊರವರೊಡನೆ ಕರಾವಳಿಯ ಕನ್ನಡ ಆಡುವ ಆಕೆ ನನ್ನ ದನಿ ಕೇಳಿದೊಡನೆ ಹಾನಗಲ್ಲಿಗೆ ಮರಳಿಬಿಡುತ್ತಾಳೆ.

"ಅಣ್ಣಾ, ನಮಗೊಂದು ಅರ್ಜಿ ಬರದು ಕೊಡು. ಸಮುದ್ರ ಸುಡುಗಾಡನ್ನ ತಿನ್ನಾಕತ್ತೈತಿ. ಅವ್ರನ್ನ ಸುಟ್ಟ ಜಾಗಾದ ಮಟಾ ಬಂದೈತಿ."

ಮಾಸ್ತರರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ಊರಿನ ಸ್ಮಶಾನವಿರುವುದು ಕಡಲ ಪಕ್ಕದ ಮರಳು ದಿಬ್ಬದ ಮೇಲೆ. ಅವರ ಚಿತೆ ಉರಿದದ್ದೂ ಅಲ್ಲಿಯೇ. ಕಡಲ್ಕೊರೆತ ತಡೆಯಲು ಸರಕಾರದ ಅನುದಾನವಿದೆಯೆಂದೂ, ಅದು ಸಿಕ್ಕರೆ ಕಲ್ಲಿನ ತಡೆಗೋಡೆ ಕಟ್ಟಿ ಅದರ ಹಿಂದೆ ಮರಳು ಹಿಡಿದಿಡುವ ಗಾಳಿಗಿಡ ನೆಡಬಹುದೆಂದೂ ತಿಳಿದ ಊರವರು ಒಂದು ಸಮಿತಿ ಮಾಡಿಕೊಂಡಿದ್ದರು. ಸಮಿತಿಗೆ ಬರವಣಿಗೆಯವನು ಬೇಕಾಗಿತ್ತು. ಅಣ್ಣನಿದ್ದಾನೆ ಎಂದು ಇವಳು ಹೆಮ್ಮೆಯಿಂದ ಹೇಳಿದ್ದಳು.

ಆ ಹೆಮ್ಮೆಗೆ ತಕ್ಕಂತೆ ನಾನು ಒಂದೇ ಬೈಠಕ್ಕಿನಲ್ಲಿ ಅರ್ಜಿ ಬರೆದು ಕಳಿಸಿದೆ. ಮರುದಿನವೇ ಫೋನ್ ಬಂತು.

"ಏನ್ ಬರದಿ ಅಣ್ಣಾ ಇದು? 'ನಮ್ಮ ಗ್ರಾಮದಲ್ಲಿ ನೀರಿನ ತೀವ್ರ ಅಭಾವವಿದ್ದು' ಅಂತ ಶುರು ಮಾಡೀಯಲ್ಲ. ಇಲ್ಲಿ ನೀರು ಬಾಗಲಕ್ಕ ಬಂದು ನಿಂತೈತಿ."

ಸಮಿತಿಯ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದರಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. ಹೇಳುತ್ತ ಹೇಳುತ್ತ ಅವಳೂ ನಕ್ಕಳು. ಗಂಡ ಹೋದ ಮೇಲೆ ಅವಳ ನಗು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು, ಹಾಗಾಗಿ ನಾಚಿಕೆಪಡುವುದನ್ನು ಮರೆತು ನಾನೂ ನಕ್ಕೆ.

ಇನ್ನು ಕಣ್ಣಾರೆ ನೋಡದೆ ಬರೆಯಬಾರದೆಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಬಾ ಎಂದು ನೀರನ್ನು ಕರೆಯುವುದಕ್ಕೆ ನನ್ನಲ್ಲಿ ಎಷ್ಟೊಂದು ಮಾತುಗಳಿವೆ, ಹಿಂದೆ ಸರಿ ಎನ್ನುವುದಕ್ಕೆ ಒಂದೂ ಇಲ್ಲವಲ್ಲ! ಗಿರಿಜಾಳೊಡನೆ ಹೋಗಿ ನೋಡಿದರೆ ಸ್ಮಶಾನದ ದಿಬ್ಬ ಅರ್ಧ ಕುಸಿದು ಹೋಗಿತ್ತು. ಉಳಿದರ್ಧದ ಅಂಚಿನಲ್ಲಿ ನಿಂತಾಗ, ತುಂಬಿದ ಕೆರೆಯ ಮುಂದೆ ನಿಲ್ಲುವ ನಮ್ಮವರ ರೂಢಿಯಂತೆ, ನನಗರಿವಿಲ್ಲದೆಯೇ ಕೈ ಮುಗಿದಿದ್ದೆ.

"ಇದಕ್ಕ ಕೈ ಮುಗೀಬ್ಯಾಡ," ಎಂದಳು ಗಿರಿಜಾ, "ಕರದ್ರು ಅಂತ ಇನ್ನಷ್ಟು ಮುಂದ ಬಂದೀತು."

ತಮಾಷೆಗೆ ಹೇಳಿದಳೋ ನಿಜಕ್ಕೂ ಹೇಳಿದಳೋ ತಿಳಿಯಲಿಲ್ಲ. ಅವಳು ನೋಡುತ್ತಿದ್ದದ್ದು ಮಾಸ್ತರರನ್ನು ದಹಿಸಿದ ಜಾಗವನ್ನು. ಅಲೆಗಳಿಗೂ ಅದಕ್ಕೂ ನಡುವೆ ಉಳಿದಿದ್ದ ಮರಳು ಒಂದು ಅಂಗಳದಷ್ಟೂ ಇರಲಿಲ್ಲ. ನನಗೆ ದುಃಖಕ್ಕಿಂತ ಹೆಚ್ಚಾಗಿ ಭಯವೇ ಆಯಿತು.

ಎರಡನೆಯ ಅರ್ಜಿಯನ್ನು ಅವಳ ಮನೆಯ ಜಗಲಿಯಲ್ಲೇ ಕುಳಿತು ಬರೆದೆ. ಅಲಂಕಾರಗಳನ್ನೆಲ್ಲ ಕಿತ್ತುಹಾಕಿ, ಕಂಡದ್ದನ್ನಷ್ಟೇ ಬರೆದು, ಇಬ್ಬರೂ ಕಚೇರಿಗೆ ಒಯ್ದೆವು. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ, ಕೂರಿಸಿ, ಪೂರ್ತಿ ಓದಿ, ಸಂಕೋಚದಿಂದಲೇ ಹೇಳಿದರು: "ಸರ್, ಮನೆಗಳಿದ್ದರೆ ಮನೆಯವರನ್ನು ತೋರಿಸಬಹುದು, ಶಾಲೆಯಿದ್ದರೆ ಮಕ್ಕಳನ್ನು. ಸ್ಮಶಾನಕ್ಕೆ ಫಲಾನುಭವಿಗಳು ಅಂತ ಯಾರ ಹೆಸರು ಹಾಕೋಣ? ಆ ಕಾಲಂ ಖಾಲಿ ಬಿಟ್ಟರೆ ಮೇಲಿನಿಂದ ವಾಪಸ್ ಬರುತ್ತದೆ."

ಅರ್ಜಿಯೊಡನೆ ಜಗಲಿಗೆ ಮರಳಿದೆವು. ಜನ್ಮವಿಡೀ ಫಲಾನುಭವಿಗಳನ್ನು ಸೃಷ್ಟಿಸುತ್ತ ಬಂದ ನನಗೂ ತಲೆ ಓಡಲಿಲ್ಲ. ಸತ್ತವರನ್ನು ಸರಕಾರ ಒಪ್ಪುವುದಿಲ್ಲ. ಒಪ್ಪಿದರೂ ಅವರಿಗೆ ಆಗಬೇಕಾದ ಉಪಕಾರ ಏನೂ ಉಳಿದಿಲ್ಲ. ಗಿರಿಜಾ ಅರ್ಜಿಯನ್ನು ನನ್ನ ಮುಂದೆ ಸರಿಸಿದಳು.

"ನನ್ನ ಹೆಸರು ಬರಿ ಅಣ್ಣಾ," ಎಂದಳು. "ನಾಳೆ ನಾನೂ ಅಲ್ಲಿಗೇ ಹೋಗಾಕಿ. ಅಲ್ಲೀತನಕ ಜಾಗಾ ಉಳೀಬೇಕಲ್ಲ."

ಎಷ್ಟೋ ಊರುಗಳ ಎಷ್ಟೋ ಹೆಸರುಗಳನ್ನು ಬರೆದ ನನ್ನ ಕೈ ತಂಗಿಯ ಹೆಸರೊಂದನ್ನು ಬರೆಯಲು ಒಪ್ಪಲಿಲ್ಲ. ಅವಳೇ ಪೆನ್ನು ಇಸಿದುಕೊಂಡು, ಮಕ್ಕಳಿಗೆ ಹಲಗೆಯ ಮೇಲೆ ತಿದ್ದಿಸುವಂಥ ಗುಂಡಗಿನ ಅಕ್ಷರಗಳಲ್ಲಿ ಬರೆದಳು. ಮೀನು ಮಾರಿಬಂದು ಅಂಗಳದಲ್ಲಿ ನಿಂತಿದ್ದ ನೆರೆಮನೆಯಾಕೆ ಏನೆಂದು ವಿಚಾರಿಸಿ, ಬುಟ್ಟಿ ಕೆಳಗಿಟ್ಟು, "ನಂದೂ ಬರೀರಿ ಅಕ್ಕೋರೇ," ಎಂದಳು. ಸಂಜೆಯೊಳಗೆ ಊರಿನ ಬಹುಪಾಲು ಜನ ಬಂದು ತಂತಮ್ಮ ಹೆಸರು ಕೊಟ್ಟುಹೋದರು, ರೇಶನ್ನಿಗೆ ಕೊಡುವಷ್ಟೇ ಸಹಜವಾಗಿ.

ಅರ್ಜಿ ಈಗ ಮೇಲಿನ ಕಚೇರಿಯಲ್ಲಿದೆ, ಉತ್ತರ ಬಂದಿಲ್ಲ. ಅದರಲ್ಲಿ ಹೆಸರಿರುವ ಯಾರಿಗೂ ಅವಸರವಿಲ್ಲ, ಅವಸರವೆಲ್ಲ ಸಮುದ್ರಕ್ಕೆ.