ಪಾದ್ರಿಮನೆಯ ಪಾಸ್ಕಾಲ

ಖ್‌ರ್‌ರ್... ಥೂ! ಬೆಳಗಿನ ಪೂಜೆಯಲ್ಲಿ ನಾವೆಲ್ಲ ಮೊಣಕಾಲೂರಿ ಮೌನವಾಗಿರುವ ಹೊತ್ತಿಗೇ ಇಗರ್ಜಿಯ ಪಕ್ಕದ ಪಾದ್ರಿಮನೆಯಿಂದ ಈ ಸದ್ದು ಬರುತ್ತಿತ್ತು. ಅಡುಗೆಯ ಪಾಸ್ಕಾಲ ಗಂಟಲು ಕ್ಲೀನ್ ಮಾಡುತ್ತಿದ್ದಾನೆಂದು ಹಿರಿಯಡ್ಕ ಪೇಟೆಯಿಂದ ಒಳಗಿರುವ ನಮ್ಮ ಊರಿಗೆಲ್ಲ ಗೊತ್ತು. ಕಾನ್ವೆಂಟಿನಲ್ಲಿ ಮ್ಯಾನರ್ಸ್ ಕಲಿತು ಟೀಚರ್ ಆಗಿದ್ದ ನಾನು ಮೂಗು ಮುರಿಯುತ್ತಿದ್ದೆ.

ಬಂಗುಡೆ ಮೀನು ಸೀಳಿದ ಕೈಯನ್ನು ಲುಂಗಿಗೆ ಒರೆಸಿ, ಅದೇ ಕೈಯಲ್ಲಿ ರೊಟ್ಟಿ ಚಾಚುವವನು; ಕೊಂಕಣಿಯಲ್ಲಿ ಅಕ್ಕನಿಗೆ ಹೇಳುವಂತೆ ನನ್ನನ್ನು ಬಾಯ್ ಎನ್ನುತ್ತಿದ್ದ. "ತಿನ್ನಿ ಟೀಚರ್‌ಬಾಯ್. ನಿಮ್ಮ ಸಿಸ್ಟರುಗಳ ಬಿಸ್ಕೆಟಿನಲ್ಲಿ ಎಂತ ಉಂಟು, ಬರೀ ಗಾಳಿ!" ಐದು ಪಾದ್ರಿಗಳಿಗೆ ಬೇಯಿಸಿ ಹಾಕಿದವನಿಗೆ ಅವರವರ ಪಿತ್ತ, ಸಕ್ಕರೆ, ಸಿಟ್ಟು ಎಲ್ಲ ಬಾಯಿಪಾಠ.

ಕೆಂಪುಕಲ್ಲಿನ ಆ ಪಾದ್ರಿಮನೆಯನ್ನು ಇಗರ್ಜಿಯ ಜುಬಿಲಿಗೆಂದು ರಿಪೇರಿ ಮಾಡಿದರು. ರಿಪೇರಿಯಂತೆ! ಕಲ್ಲಿಗೆ ಗುಲಾಬಿ ಪೆಯಿಂಟ್, ನೆಲಕ್ಕೆ ಜಾರುವ ಟೈಲ್ಸ್. ಸ್ಮರಣಸಂಚಿಕೆಗೆ ಮನೆಯ ಹಿಸ್ಟರಿ ಬರೆಯುವ ಕೆಲಸ ನನ್ನದಾಯಿತು. ಕೆಲಸ ಬಿಟ್ಟು ಮಗನ ಮನೆಯಲ್ಲಿದ್ದ ಪಾಸ್ಕಾಲನನ್ನು ಕರೆಸಿದೆ. ಅವನು ಮುಂದಿನ ಕೋಣೆಯ ಹೊಸ್ತಿಲಲ್ಲೇ ನಿಂತ.

"ಸಿಡುಬು ಬಂದ ವರ್ಷ ಪಾದ್ರಿ ರೋಗಿಗಳನ್ನು ಇಲ್ಲಿ ಮಲಗಿಸಿದ್ರು. ಮನೆಯವರೇ ಹೊರಗೆ ಹಾಕಿದವರನ್ನು. ಪಾದ್ರಿ ಜಗಲಿಯಲ್ಲಿ ಮಲಗಿದ್ರು. ನನ್ನ ತಂಗಿ ರೆಮೆದಿ ಸತ್ತದ್ದು ಇಲ್ಲೇ. ಅವಳ ಸಮಾಧಿಗೆ ಒಂದು ಕಲ್ಲು ಸಹ ಇಲ್ಲ. ಪುಸ್ತಕದಲ್ಲಾದ್ರೂ ಹೆಸರು ಹಾಕಿ, ಟೀಚರ್‌ಬಾಯ್."

ಹಾಕಿದೆ. ಕಮಿಟಿಯ ಪ್ರೆಸಿಡೆಂಟರು ಮುಖ ಕಿವುಚಿದರು. "ಎಂತ ಟೀಚರ್, ಬಿಷಪರು ಊಟಕ್ಕೆ ಕೂತುಕೊಳ್ಳುವ ರೂಮ್ ಅದು. ಕೀವು, ಹೆಣ ಅಂತ ಬರೆದ್ರೆ ಯಾರಿಗೆ ಊಟ ಸೇರ್ತದೆ ಮಾರಾಯ್ರೆ? ನೈಸಾಗಿ ಮಾಡಿ."

ನೈಸಾಗಿ ಮಾಡಿದೆ. ಆ ಸಾಲುಗಳ ಮೇಲೆ ನನ್ನದೇ ಕೆಂಪು ಪೆನ್ನಿನಿಂದ ಗೆರೆ ಎಳೆದೆ. ಪಾಸ್ಕಾಲನ ಉಗುಳಿಗೆ ಮೂಗು ಮುರಿದವಳು ನಾನು! ಅವನು ಹೊರಗೆ ಉಗುಳುತ್ತಿದ್ದುದನ್ನು ನಾನು ನುಂಗಿಕೊಂಡು ನಗುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಸಂಚಿಕೆಯ ಬಿಡುಗಡೆಯ ದಿನ ಪಾಸ್ಕಾಲ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹೊಸ ಪ್ರತಿಯೊಂದನ್ನು ಹಿಡಿದು ನೇರ ನನ್ನ ಬಳಿಗೆ ಬಂದ. ಅವನಿಗೆ ಓದಲು ಬಾರದು.

"ರೆಮೆದಿದು ಓದಿ."

ಕೈಗೆ ಸಿಕ್ಕಿದ ಪುಟ ತೆರೆದೆ. ಕ್ಯಾಟರಿಂಗಿನವರ ಜಾಹೀರಾತು. ಅದನ್ನೇ ನೋಡುತ್ತ, ನಾನು ಹೊಡೆದುಹಾಕಿದ ಸಾಲುಗಳನ್ನೆಲ್ಲ ಒಂದೂ ಬಿಡದೆ ಓದಿದೆ.

"ಹೆಸರು ಎಲ್ಲಿ ಉಂಟು?"

ಅವನ ಬೆರಳು ಹಿಡಿದು 'ಬಿರಿಯಾನಿ'ಯ ಮೇಲೆ ಇಟ್ಟೆ.

"ದೇವ್ ಬರೆಂ ಕರುಂ, ಬಾಯ್. ದೇವರು ಒಳ್ಳೆಯದು ಮಾಡಲಿ. ಸೊಸೆಗೆ ಓದಲು ಬರ್ತದೆ, ಈಗಲೇ ಹೋಗಿ ತೋರಿಸ್ತೇನೆ."

ಆ ಪುಟ ತಪ್ಪಿಹೋಗದಂತೆ ಬೆರಳನ್ನು ಒಳಗೇ ಇಟ್ಟು ಪುಸ್ತಕ ಮುಚ್ಚಿದ. ಹಾಗೆಯೇ ಗೇಟು ದಾಟಿದ. ನಾನು ಕರೆಯಲಿಲ್ಲ. ಅವನನ್ನು ನೋಡಿದ್ದು ಅದೇ ಕೊನೆ.