ಕೊಟ್ರೇಶಿಯ ಉಸಿರು, ನನ್ನ ಫೋನು

ಹೋದ ತಿಂಗಳು ಒಂದು ಬೆಳಿಗ್ಗೆ ಏಳೂಕಾಲಿಗೆ ಕೊಟ್ರೇಶಿಗೆ ಫೋನ್ ಮಾಡಿ ಕೇಳಿದೆ: "ಧ್ಯಾನಕ್ಕ ಕುಂತೀಯೇನಪ್ಪಾ?"

"ಕುಂತಿದ್ದೆ ಸಾವ್ಕಾರ್ರ," ಎಂದ. "ಈಗ ಎದ್ದೆ."

ಕೊಟ್ರೇಶಿ ಹರಪನಹಳ್ಳಿಯ ನನ್ನ ಮೆಕ್ಕೆಜೋಳದ ಅಂಗಡಿಯ ಗುಮಾಸ್ತ. ಕಾಳು ಹಲ್ಲಲ್ಲಿ ಕಚ್ಚಿ ತೇವ ಎಷ್ಟಿದೆ ಎಂದು ಹೇಳುವ ಗಟ್ಟಿಗ. ಈ ಸುಗ್ಗಿಯಲ್ಲಿ ಅವನಿಗೆ ಎದೆ ಢವಢವ ಶುರುವಾಯಿತು. ಇಸಿಜಿ ಸರಿ ಇತ್ತು. "ಟೆನ್ಶನ್ ಇಳಿಸಿಕೊಳ್ಳಿ, ಆಗದಿದ್ದರೆ ಕೆಲಸ ಬಿಡಿ" ಎಂದರು ಡಾಕ್ಟರು. ಅವನು ಬಿಟ್ಟರೆ ನನ್ನ ಗತಿ? (ಅವನ ಗತಿ ಆಮೇಲೆ ಹೊಳೆಯಿತು.)

ದಾವಣಗೆರೆಯಿಂದ ಮೈಂಡ್‌ಫುಲ್‌ನೆಸ್ ಟ್ರೇನರ್ ಒಬ್ಬರನ್ನು ಕರೆಸಿದೆ. ಎಂಟು ವಾರದ ಕೋರ್ಸನ್ನು ಚೌಕಾಸಿ ಮಾಡಿ ಎರಡು ಭಾನುವಾರಕ್ಕೆ ಇಳಿಸಿದೆ. "ದೇವರು, ಧರ್ಮ ಏನೂ ಬೇಡ. ಉಸಿರು ಗಮನಿಸಿ. ಬಂದ ಯೋಚನೆಯನ್ನು ಬಿಟ್ಟುಬಿಡಿ," ಎಂದರು ಅವರು. ಬುದ್ಧನ ಸರಕು, ಲೇಬಲ್ ಕಿತ್ತ ಪ್ಯಾಕಿಂಗ್. ವ್ಯಾಪಾರಿಯಾಗಿ ನನ್ನ ತಕರಾರಿಲ್ಲ.

ತಕರಾರು ತೆಗೆದವಳು ನಮ್ಮವ್ವ. ದಿನಾ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಅರ್ಧ ಗಂಟೆ ದಿಟ್ಟಿಸುವವಳು. "ಬರೇ ಉಸ್ರು ನೋಡ್ಕೊಂತ ಕುಂತ್ರ 'ನಾನು' ಅನ್ನೋದು ಕರಗೀತೇನೋ?"

ಕೋರ್ಸು ಮುಗಿದು ವಾರ ಕಳೆದ ಮೇಲೆ ಮನೆಗೆ ಬಂದ ಕೊಟ್ರೇಶಿಯನ್ನು ಕೇಳಿದೆ, ಎದೆ ಹೇಗಿದೆ ಎಂದು.

"ಹಂಗ ಐತ್ರಿ. ಯೋಚನಿ ಬಂದ್ರ ಬಿಡು ಅಂದಾರ ಸರ್ರು. ಬರೋದು ಯೋಚನಿ ಅಲ್ರೀ, ನಿಮ್ಮ ಫೋನು. ನಾ ಬಿಟ್ರ ನೀವು ಬಿಡ್ತೀರೇನ್ರಿ?"

ಅವ್ವ ಒಳಗಿನಿಂದಲೇ ನಕ್ಕಳು. "ನಾ ಪೂಜಿಗೆ ಕುಂತಾಗ ಮಾತಾಡ್ಸೋ ಧೈರ್ಯ ಈ ಮನ್ಯಾಗ ಯಾರಿಗೈತಿ, ಹೇಳೋ?"

ಯಾರಿಗೂ ಇಲ್ಲ. ತಹಶೀಲ್ದಾರ್ ಸಾಹೇಬರೇ ಬಂದರೂ ಕಟ್ಟೆಯ ಮೇಲೆ ಕಾಯಬೇಕು. ಪೂಜೆ ಎಂಬುದು ಕುಳಿತವಳನ್ನಷ್ಟೇ ಅಲ್ಲ, ಸುತ್ತಲಿನವರನ್ನೂ ಸುಮ್ಮನಿರಿಸುತ್ತದೆ. ನಾನು ಚೌಕಾಸಿ ಮಾಡಿ ತಂದ ಧ್ಯಾನ? ಗದ್ದಲ ಮಾಡುವವನು ನಾನು, ಉಸಿರು ನೋಡಬೇಕಾದವನು ಅವನು!

ಈಗ ಬೆಳಿಗ್ಗೆ ಎಂಟರವರೆಗೆ, ಸಂಜೆ ಏಳರ ನಂತರ ನನ್ನ ಮೊಬೈಲು ಅವ್ವನ ಪೂಜೆಯ ಗೂಡಿನಲ್ಲಿ. ತೇವ ನೋಡಲು ಕೊಟ್ರೇಶಿಯ ಜೊತೆಗೆ ಇನ್ನೊಬ್ಬನನ್ನು ಇಟ್ಟಿದ್ದೇನೆ. ನೌಕರರಿಗೆ ಧ್ಯಾನ ಕಲಿಸಹೊರಟ ಮಾಲೀಕರಿಗೆ ನನ್ನ ಪುಕ್ಕಟೆ ಸಲಹೆಯೂ ಇಷ್ಟೇ: ಮೊದಲು ನೀವು ಸುಮ್ಮನಿರಿ.

ಇದನ್ನು ಬರೆಯುವಾಗ ಸಂಜೆ ಏಳೂವರೆ. ಕೊಟ್ರೇಶಿ ಕಣ್ಣು ಮುಚ್ಚಿ ಕುಳಿತಿರಬೇಕು.

ಎದೆ ಹೇಗಿದೆಯೋ, ಒಂದು ಫೋನ್ ಮಾಡಿ ಕೇಳಲೇ?