ಒತ್ತಿದರೆ ನಿಲ್ಲುವ ಮೆಷಿನ್ನು

ಸಾಣೆಯಣ್ಣನ ಅಂಗಡಿ ಎಂದರೆ ಎರಡು ದೊಡ್ಡ ಅಂಗಡಿಗಳ ನಡುವೆ ಉಳಿದುಹೋದ ಸಂದು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಅಷ್ಟರಲ್ಲೇ ಒಂದು ಮೋಟಾರು, ಒಂದು ಬೆಲ್ಟು, ತಟ್ಟೆಯಗಲದ ಸಾಣೆಕಲ್ಲು, ನೀರಿನ ಡಬ್ಬ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಕತ್ತರಿಗಳು. ದರ್ಜಿಗಳ ಕತ್ತರಿ, ಕ್ಷೌರದವರ ಕತ್ತಿ, ಹೋಟೆಲಿನವರ ಚಾಕು ಎಲ್ಲವೂ ಮೂವತ್ತೈದು ವರ್ಷದಿಂದ ಆ ಕಲ್ಲಿನ ಮೇಲೇ ಹಾದುಹೋಗಿವೆ. ಮಸೆದ ಮೇಲೆ ತೆಳುವಾದ ಕಾಗದವೊಂದನ್ನು ಕತ್ತರಿಸಿ ತೋರಿಸದೆ ಅವನು ಯಾರಿಗೂ ಕತ್ತರಿ ವಾಪಸು ಕೊಟ್ಟವನಲ್ಲ. ಕೆಲಸದಲ್ಲಿ ಬೆರಳು ತೋರಿಸುವ ಹಾಗಿಲ್ಲ, ಮನುಷ್ಯನೂ ಒಳ್ಳೆಯವನೇ. ಇರುವುದು ಒಂದೇ ದೋಷ: ತಿರುಗುವ ವಸ್ತು ಯಾವುದೇ ಇರಲಿ, ಅದರ ವಿಷಯದಲ್ಲಿ ಇನ್ನೊಬ್ಬರ ಮಾತು ಅವನ ಕಿವಿಗೆ ಇಳಿಯುವುದಿಲ್ಲ. ಮನೆಯ ಫ್ಯಾನು ರಿಪೇರಿ ಮಾಡಲು ಬಂದವನಿಗೇ ಪಾಠ ಹೇಳಿ ಕಳಿಸಿದ್ದ. ಆ ಫ್ಯಾನು ಇವತ್ತಿಗೂ ಕಿರುಗುಟ್ಟುತ್ತದೆ.

ಅವನ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಕಾರು ಇದೆ. ಅದು ಅವನ ಮಾವನದು, ಅಂದರೆ ಹೆಂಡತಿಯ ಅಪ್ಪನದು. ಮಾವ ಗಾಡಿಗಳಿಗೆ ಬಣ್ಣ ಹೊಡೆಯುವ ಪೇಂಟರು. ಬದುಕಿನಲ್ಲಿ ಕೊನೆಯದಾಗಿ ಬಣ್ಣ ಹೊಡೆದದ್ದು ಈ ಕಾರಿಗೇ, ಹದಿನಾಲ್ಕು ವರ್ಷದ ಹಿಂದೆ, ತಾನು ತೀರಿಕೊಂಡ ವರ್ಷ. ಹಸಿರು ಬಣ್ಣ. ಅಂಗಡಿಯ ಯಾವ ಡಬ್ಬದಲ್ಲೂ ಸಿಗದ ಹಸಿರು ಅದು. ನಾಲ್ಕೈದು ಡಬ್ಬದಿಂದ ಒಂದೊಂದು ಸೌಟು ತೆಗೆದು, ಕಡ್ಡಿಯಲ್ಲಿ ಕಲಸಿ, ಬಿಸಿಲಿಗೆ ಹಿಡಿದು, ತಲೆಯಾಡಿಸಿ, ಮತ್ತೆ ಕಲಸಿ ಮಾಡಿದ್ದು. ಅಳತೆಯನ್ನು ಎಲ್ಲೂ ಬರೆದಿಡುವ ಪೈಕಿಯವನಲ್ಲ ಆ ಮಹಾರಾಯ. ಕೇಳಿದರೆ ಹಣೆ ಮುಟ್ಟಿ, ಇಲ್ಲಿದೆ ಎನ್ನುತ್ತಿದ್ದ. ಅಲ್ಲಿದ್ದದ್ದು ಅವನ ಜೊತೆಗೇ ಹೋಯಿತು.

ಅತ್ತೆ ಇದ್ದಾಳೆ. ವಯಸ್ಸು ಎಂಬತ್ತು, ನಾಲಿಗೆಗೆ ಇಪ್ಪತ್ತು. ಗಂಡ ಬಣ್ಣ ಹೊಡೆಯುವುದಕ್ಕೆ ಮುಂಚೆ ತಗಡನ್ನು ಹದ ಮಾಡುವ ಕೆಲಸ ಅವಳದಾಗಿತ್ತು. ಬಣ್ಣದ ಕೆಳಗೆ ಹೊಡೆಯುವ ಕೆಂಪು ಪ್ರೈಮರಿನ ಕೋಟು ಒಣಗಿದ ಮೇಲೆ, ನೀರಲ್ಲಿ ಅದ್ದಿದ ಎಮರಿ ಪೇಪರು ಹಿಡಿದು, ಅದು ಗಾಜಿನಂತೆ ನುಣುಪಾಗುವ ತನಕ ನಲವತ್ತು ವರ್ಷ ಉಜ್ಜಿದ್ದಾಳೆ. ಬೆರಳ ತುದಿಯ ಗೆರೆಗಳೇ ಸವೆದುಹೋಗಿವೆ. ಅದರ ಮೇಲೆ ಬಣ್ಣ ಬಿದ್ದಾಗ ಜನ ಸುತ್ತ ನಿಂತು, ಪೇಂಟರ ಕೈಗುಣ ನೋಡು ಎನ್ನುತ್ತಿದ್ದರು.

ಸಾಣೆಯಣ್ಣ ಅವರ ಪೇಂಟಿಂಗ್ ಶೆಡ್ಡಿನ ಪಕ್ಕದಲ್ಲೇ ಕೆಲಸ ಕಲಿತವನು. ಅಳಿಯನಾಗುವ ಮುಂಚೆಯೇ ಅತ್ತೆಯ ಕೈಯಲ್ಲಿ ಸಾಕಷ್ಟು ಬೈಸಿಕೊಂಡಿದ್ದ. ಹಾಗಾಗಿ ಅಳಿಯನೆಂದು ಬಹುವಚನ ಹಚ್ಚುವ ಗೋಜಿಗೆ ಅವಳು ಹೋಗಲೇ ಇಲ್ಲ.

ಆರೇಳು ವರ್ಷದಿಂದ ಅವಳ ಕಣ್ಣಿಗೆ ಪೊರೆ. ಆಪರೇಷನ್ ಎಂದರೆ ಮುಖ ತಿರುಗಿಸುತ್ತಿದ್ದಳು. ಎದುರಿಗೆ ಬಂದವರು ಯಾರೆಂಬುದು ಹೆಜ್ಜೆಯ ಸದ್ದಿನಿಂದ ಗೊತ್ತಾಗುತ್ತಿತ್ತೇ ಹೊರತು ಮುಖದಿಂದಲ್ಲ. ತಿಂಗಳಿಗೊಮ್ಮೆ ಕಾರಿನಲ್ಲಿ ಕೂರುವಾಗ ಬಾಗಿಲಿಗೆ ಕೈಯಿಟ್ಟು ಕೇಳುವ ಪ್ರಶ್ನೆ ಮಾತ್ರ ಒಂದೇ.

"ಹಸಿರು ಹಾಗೇ ಇದ್ಯೇನೋ?"

"ಹಾಗೇ ಇದೆ ಅತ್ತೆ. ಮುಖ ನೋಡ್ಕೋಬಹುದು."

ಶುದ್ಧ ಸುಳ್ಳು. ಶೆಡ್ಡಿನ ತಗಡು ಹಾರಿಹೋಗಿ ಎರಡು ಬೇಸಿಗೆ ಕಾರು ಬಿಸಿಲಲ್ಲೇ ನಿಂತಿತ್ತು. ಒಗೆದು ಒಣಹಾಕಿ ಮರೆತುಬಿಟ್ಟ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು. ಮುಖ ನೋಡಿಕೊಳ್ಳುವುದಿರಲಿ, ಅದರ ಮುಖ ನೋಡುವುದಕ್ಕೇ ಆಗುತ್ತಿರಲಿಲ್ಲ. ಸಾಣೆಯಣ್ಣ ಒಂದು ದಿನ ಮುದುಕಿಯ ಸಮಾಧಾನಕ್ಕೆಂದು ಹೇಳಿದ ಸುಳ್ಳು, ಆಮೇಲೆ ತಿಂಗಳ ರೂಢಿಯಾಯಿತು. ಹೆಂಡತಿಯೂ ದನಿಗೂಡಿಸಿದಳು.

ಹೀಗಿರುವಾಗ ಚಿಕ್ಕ ಮಗಳ ಒತ್ತಾಯಕ್ಕೆ ಅತ್ತೆ ಆಪರೇಷನ್‌ಗೆ ಒಪ್ಪಿಬಿಟ್ಟಳು. ಮೊದಲು ಸಕ್ಕರೆ ಹತೋಟಿಗೆ ಬರಬೇಕೆಂದು, ಹನ್ನೆರಡು ದಿನ ಮುಂಚಿತವಾಗಿ ಆಸ್ಪತ್ರೆಯ ಹತ್ತಿರವಿರುವ ಆ ಮಗಳ ಮನೆಗೆ ಹೊರಟಳು. ಅವಳನ್ನು ಬಿಟ್ಟು ಬಂದ ಸಂಜೆ ಹೆಂಡತಿ ಅವನಿಗೆ ಚಹಾ ಲೋಟ ಕೊಟ್ಟು ಶೆಡ್ಡಿನ ಬಾಗಿಲಲ್ಲಿ ನಿಂತಳು.

"ರೀ, ಅಮ್ಮನಿಗೆ ಕಣ್ಣು ಬರುತ್ತೆ."

"ಬರ್ಲಿ. ಒಳ್ಳೇದೇ ಅಲ್ವಾ."

"ಕಾರು ಕಾಣುತ್ತೆ."

ಸಾಣೆಯಣ್ಣ ಚಹಾ ಕುಡಿಯುವುದನ್ನು ನಿಲ್ಲಿಸಿದ. ಸುಳ್ಳು ಬಯಲಾಗುವುದು ಹಾಗಿರಲಿ, ಬೈಸಿಕೊಂಡು ಅಭ್ಯಾಸವಿತ್ತು. ಆದರೆ ಹೊಸ ಕಣ್ಣು ಬಂದು ಅವಳು ನೋಡುವ ಗಂಡನ ಕೊನೇ ಕೆಲಸ ಈ ಬೂದಿ ಬಳಿದ ತಗಡಾಗಿರಬೇಕೇ? ಹೊಸ ಬಣ್ಣ ಹೊಡೆಸಿದರೆ ಅದು ಮಾವನ ಹಸಿರಲ್ಲ. ಇರುವುದನ್ನೇ ಮೇಲಿಂದ ತೆಳ್ಳಗೆ ಉಜ್ಜಿ, ಒಳಗಿನ ಜೀವಂತ ಬಣ್ಣವನ್ನು ಹೊರಗೆ ತರಬೇಕು. ಹೆಚ್ಚು ಉಜ್ಜಿದರೆ ಬಣ್ಣವೇ ಹೋಗುತ್ತದೆ, ಹೋದರೆ ಮತ್ತೆ ಕಲಸಿಕೊಡುವವರು ಭೂಮಿಯ ಮೇಲಿಲ್ಲ.

ಮರುದಿನ ಬೆಳಗ್ಗೆಯೇ ಟೂಲ್ಸ್ ಅಂಗಡಿಗೆ ಹೋದ. ಅಂಗಡಿಯ ಯಜಮಾನಿ ನಲವತ್ತರ ಹೆಂಗಸು, ಕಿವಿಯ ಹಿಂದೆ ಸದಾ ಒಂದು ಪೆನ್ನು. ಕಾರಿಗೆ ಪಾಲಿಶ್ ಮಾಡುವ ಎರಡು ಮೆಷಿನ್ನುಗಳನ್ನು ತಂದು ಮೇಜಿನ ಮೇಲಿಟ್ಟಳು.

"ಅಣ್ಣ, ಇದು ಬರೀ ಸುತ್ತ ತಿರುಗುತ್ತೆ, ನಿಮ್ಮ ಕಲ್ಲಿನ ಥರ. ಕೆಲಸ ಬೇಗ ಆಗುತ್ತೆ, ಹಾಳೂ ಬೇಗ ಆಗುತ್ತೆ. ಇನ್ನೊಂದು ತಿರುಗ್ತಾನೂ ಇರುತ್ತೆ, ಜೊತೆಗೆ ಆ ಕಡೆ ಈ ಕಡೆ ಅಲುಗಾಡ್ತಾನೂ ಇರುತ್ತೆ. ನಿಧಾನ. ಹಳೇ ಬಣ್ಣಕ್ಕೆ ಇದೇ ವಾಸಿ."

ಪರೀಕ್ಷೆಗೆಂದು ಅಲ್ಲೊಂದು ಹಳೆಯ ಕಾರಿನ ಬಾಗಿಲನ್ನು ಒರಗಿಸಿಟ್ಟಿದ್ದರು. ಸಾಣೆಯಣ್ಣ ಮೊದಲನೆಯ ಮೆಷಿನ್ನನ್ನು ಅದರ ಮೇಲಿಟ್ಟು ಮೈಭಾರ ಹಾಕಿ ಒತ್ತಿದ. ಅದು ಗುರ್ ಎಂದು ತಿರುಗುತ್ತಲೇ ಇತ್ತು. ಅವನಿಗೆ ಖುಷಿಯಾಯಿತು. ಎರಡನೆಯದನ್ನು ಒತ್ತಿದ. ಅದು ತಿರುಗುವುದನ್ನು ನಿಲ್ಲಿಸಿ ಸುಮ್ಮನೆ ನಡುಗತೊಡಗಿತು.

"ಏನಮ್ಮ ಇದು, ಒತ್ತಿದ್ರೆ ಉಸಿರೇ ನಿಲ್ಲಿಸುತ್ತಲ್ಲ."

"ಅದೇ ಅಣ್ಣ ಅದರ ಒಳ್ಳೇ ಗುಣ."

"ಒತ್ತಿದ್ರೆ ನಿಲ್ಲೋ ಕಲ್ಲನ್ನ ನಾನು ಅಂಗಡಿ ಒಳಗೆ ಸೇರಿಸಲ್ಲ."

"ಇದು ಕಲ್ಲಲ್ಲ ಅಣ್ಣ."

"ತಿರುಗೋದೆಲ್ಲ ಒಂದೇನಮ್ಮ. ನನಗೆ ಹೇಳ್ಕೊಡ್ತೀಯಾ?"

ಯಜಮಾನಿ ಮೊದಲನೆಯದನ್ನೇ ಕಟ್ಟಿಕೊಟ್ಟಳು. ಕೊಡುವಾಗ ಒಂದೇ ಮಾತು ಹೇಳಿದಳು: "ಡಬ್ಬ ಹರೀಬೇಡಿ. ವಾಪಸ್ ತರೋಕೆ ಬೇಕಾಗುತ್ತೆ."

ಮನೆಗೆ ಬಂದವನು ಪೇಸ್ಟು ಹಚ್ಚಿ, ಮೆಷಿನ್ನು ಚಾಲೂ ಮಾಡಿ, ಬಾನೆಟ್ಟಿನ ಎಡಬದಿಯಿಂದ ಶುರುಮಾಡಿದ. ಇಲ್ಲೇ ಎಡವಟ್ಟಾಯಿತು. ಬೇರೆ ಯಾರೇ ಆಗಿದ್ದರೂ ನಡುವಿನ ಸಪಾಟು ಜಾಗದಿಂದ ಶುರುಮಾಡುತ್ತಿದ್ದರು. ಆದರೆ ಮೂವತ್ತೈದು ವರ್ಷ ಅಂಚುಗಳ ಮೇಲೇ ಬದುಕಿದ ಕೈ ಅದು. ಕತ್ತರಿಯಾಗಲಿ ಚಾಕುವಾಗಲಿ, ತಿರುಗುವ ಕಲ್ಲಿಗೆ ಕೊಡುವುದು ಅಂಚನ್ನೇ. ಅವನ ಕೈ ತಾನಾಗಿಯೇ ಮೆಷಿನ್ನನ್ನು ಓರೆ ಮಾಡಿ, ಬಾನೆಟ್ಟಿನ ಮಡಿಕೆಯ ಚೂಪು ಅಂಚಾದ ಏಣನ್ನು ಹುಡುಕಿ, ಒತ್ತಿ ಹಿಡಿಯಿತು. ಬಣ್ಣ ತೀರಾ ತೆಳ್ಳಗಿರುವುದು ಏಣಿನಲ್ಲೇ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಬೆರಳುದ್ದದ ಹಸಿರು ಹಾರಿಹೋಗಿ ಕೆಳಗಿನ ಕೆಂಪು ಗೆರೆ ಕಂಡಿತು.

ಅವನು ಮೆಷಿನ್ನು ನಿಲ್ಲಿಸಿ ನೆಲದ ಮೇಲೇ ಕೂತುಬಿಟ್ಟ. ಸದ್ದು ನಿಂತದ್ದು ಕೇಳಿ ಹೆಂಡತಿ ಬಂದಳು. ಗೆರೆಯನ್ನು ನೋಡಿದಳು, ಗಂಡನ ಮುಖವನ್ನೂ ನೋಡಿದಳು.

"ಎಷ್ಟು ಉಳಿದಿದೆ?"

"ಬಣ್ಣಾನಾ?"

"ಅಲ್ಲ ರೀ, ದಿನ."

"ಹನ್ನೊಂದು."

"ಹಾಗಾದ್ರೆ ಎದ್ದೇಳಿ."

ಅವಳ ಮೇಲೆ ಅವನಿಗೆ ಆ ಕ್ಷಣ ಉಕ್ಕಿದ ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ. ಆ ಭರದಲ್ಲಿ ಹಸಿರು ಸ್ಕೆಚ್ ಪೆನ್ನು ತಂದು ಗೆರೆಯ ಮೇಲೆ ತಿದ್ದಿದ. ಗಿಳಿ ಬಂದು ಕೂತ ಹಾಗೆ ಕಂಡಿತು. ಹೆಂಡತಿ ನಗು ತಡೆಯಲಾರದೆ ಒದ್ದೆ ಬಟ್ಟೆ ತಂದುಕೊಟ್ಟಳು.

ಟೂಲ್ಸ್ ಅಂಗಡಿಯ ಯಜಮಾನಿ ಡಬ್ಬವನ್ನೂ ಅವನನ್ನೂ ನೋಡಿ, "ಅಂಚಿಗೆ ಹೋದ್ರಾ?" ಎಂದಳು.

"ನಿನಗೆ ಹೇಗೆ ಗೊತ್ತಾಯ್ತು?"

"ಸಾಣೆಯವರಲ್ವಾ ನೀವು. ಆಗಲೇ ಹೇಳಿದ್ರೆ ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ. ಅವನು ತಲೆ ತಗ್ಗಿಸಿ ಎರಡನೆಯ ಮೆಷಿನ್ನು ತೆಗೆದುಕೊಂಡ. ಅಂಚುಗಳಿಗೆಲ್ಲ ಅಂಟಿಸಲು ಅವಳು ಕಾಗದದ ಟೇಪು ಕೊಟ್ಟಳು. ಕಿವಿಯ ಹಿಂದಿನ ಪೆನ್ನು ತೆಗೆದು ಮೆಷಿನ್ನಿನ ತಿರುಗುವ ಬಿಲ್ಲೆಯ ಬದಿಗೆ ಒಂದು ಕಪ್ಪು ಗೀಟು ಎಳೆದಳು. "ಈ ಗೀಟು ಸುತ್ತುತಾ ಇದ್ರೆ ಸರಿಯಾಗಿ ಹಿಡಿದಿದ್ದೀರಿ ಅಂತ. ನಿಂತ್ರೆ ನಿಮ್ಮ ಕೈ ಭಾರ ಆಯ್ತು ಅಂತ."

ಅಂಗಡಿ ತೆಗೆಯುವ ಮುಂಚೆ ದಿನಾ ಎರಡು ಗಂಟೆ ಕೆಲಸ. ಮೊದಲ ದಿನ ಆ ಕಪ್ಪು ಗೀಟು ಸುತ್ತಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಇಷ್ಟು ವರ್ಷ ಬಲ ಹಾಕುವುದನ್ನೇ ಕೆಲಸ ಎಂದುಕೊಂಡಿದ್ದ ಕೈಗೆ ಬಲ ತೆಗೆಯುವುದನ್ನು ಕಲಿಸುವುದು ಸುಲಭವೇ? ಅವನು ಮೆಷಿನ್ನನ್ನೂ ಬೈದ, ಯಜಮಾನಿಯನ್ನೂ ಬೈದ, ಕಡೆಗೆ ತನ್ನನ್ನೇ ಬೈದುಕೊಂಡ.

"ಈ ಮೆಷಿನ್ನು ಥೇಟ್ ನನ್ನ ಥರ. ಒತ್ತಾಯ ಮಾಡಿದ್ರೆ ನಿಂತ್ಬಿಡುತ್ತೆ," ಎಂದಳು ಹೆಂಡತಿ, ಪೇಸ್ಟು ಒರೆಸುತ್ತಾ.

"ನೀನು ನಿಂತಿದ್ದನ್ನ ನಾನಿನ್ನೂ ನೋಡ್ಬೇಕು."

ಮೂರನೆಯ ದಿನ ಕೈ ಹದಕ್ಕೆ ಬಂತು. ಬಿಲ್ಲೆಗೆ ಹಾಕಿದ ಬಿಳಿ ಸ್ಪಂಜು ಸತ್ತ ಬಣ್ಣ ಹೀರಿ ಹಸಿರಾಗುತ್ತಿತ್ತು, ಅದನ್ನು ತೊಳೆದು ಮತ್ತೆ ಹಾಕುತ್ತಿದ್ದ. ಬಾನೆಟ್ಟು ಒರೆಸಿದಾಗ ಶೆಡ್ಡಿನ ಸೂರು, ಅದರ ಒಂದೊಂದು ಮೊಳೆಯೂ ಅದರಲ್ಲಿ ಕಂಡವು. ಹೆಂಡತಿ ಬಗ್ಗಿ ನೋಡಿದಳು. "ಅಪ್ಪನ ಹಸಿರು," ಎಂದು ಕಣ್ಣೊರೆಸಿಕೊಂಡಳು.

ಇನ್ನೇನು ಡಿಕ್ಕಿಯ ಮುಚ್ಚಳ ಒಂದು ಬಾಕಿ ಎನ್ನುವಾಗ, ಆಪರೇಷನ್ ಎರಡು ದಿನ ಮುಂಚೆಯೇ ಆಗಿಹೋಯಿತು, ಪಟ್ಟಿಯನ್ನೂ ಬಿಚ್ಚಿದ್ದಾರೆ, ಬಂದು ಕರೆದುಕೊಂಡು ಹೋಗಿ ಎಂದು ಫೋನು ಬಂತು. ಗಂಡ ಹೆಂಡತಿ ಇಬ್ಬರೂ ಹೊರಟರು. ಆಸ್ಪತ್ರೆಯ ಅಂಗಳದಲ್ಲಿ ಸಾಣೆಯಣ್ಣ ಕಾರಿನ ಹಿಂಬದಿಯನ್ನು ಗೋಡೆಗೆ ಅಂಟಿಸಿ, ಎಡಬದಿಯನ್ನು ಕಂಬಕ್ಕೆ ಮರೆಮಾಡಿ ನಿಲ್ಲಿಸಿದ. ಅತ್ತೆ ಚಿಕ್ಕ ಮಗಳ ಕೈಹಿಡಿದು ಮೆಟ್ಟಿಲಿಳಿದು ಬಂದಳು. ಕಪ್ಪು ಕನ್ನಡಕವನ್ನು ಸ್ವಲ್ಪ ಮೇಲೆತ್ತಿ ಮೊದಲು ಅವನನ್ನೇ ದಿಟ್ಟಿಸಿದಳು.

"ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೋ?"

ಅವನು ಪೆಚ್ಚಾಗಿ ನಕ್ಕ. ಅವಳು ಕಾರಿನತ್ತ ತಿರುಗಿದಳು. ಬಲಗಡೆಯ ಬಾಗಿಲ ಮೇಲೆ ಅಂಗೈ ಎಳೆದು, ಕೈ ತಿರುಗಿಸಿ ನೋಡಿಕೊಂಡಳು.

"ಗಾಡಿ ಒಂಚೂರು ಮುಂದೆ ತಗೋ."

"ಯಾಕೆ ಅತ್ತೆ?"

"ತಗೋ ಅಂದೆ."

ಬೇರೆ ದಾರಿಯಿರಲಿಲ್ಲ. ಡಿಕ್ಕಿಯ ಮುಚ್ಚಳ ಬಿಳಿಚಿಕೊಂಡು ಬಯಲಿಗೆ ಬಂತು. ಅತ್ತೆ ಅದರ ಮೇಲೂ ಅಂಗೈ ಎಳೆದಳು. ಈ ಸಲ ಕೈಗೆ ಹಸಿರು ಪುಡಿ ಹತ್ತಿತು. ಅದನ್ನು ಅಳಿಯನ ಮುಂದೆ ಹಿಡಿದಳು.

"ಬಾಗಿಲು ಮುಟ್ಟಿದಾಗೆಲ್ಲ ಇದು ಕೈಗೆ ಬರ್ತಿತ್ತು. ಪೊರೆ ಬಂದಿದ್ದು ನನ್ನ ಕಣ್ಣಿಗೆ. ಕೈಗೆ ಬಂದಿರ್ಲಿಲ್ಲ."

"ಮತ್ತೆ ತಿಂಗಳು ತಿಂಗಳು ಕೇಳ್ತಿದ್ದೆಯಲ್ಲಮ್ಮ," ಎಂದಳು ಸಾಣೆಯಣ್ಣನ ಹೆಂಡತಿ.

"ನೀವಿಬ್ಬರೂ ಹಾಗೇ ಇದೆ ಅನ್ನೋದು ಕೇಳೋಕೆ ಚೆನ್ನಾಗಿತ್ತು."

ಒಂದು ವಾರ ಬಿಟ್ಟು, ಕನ್ನಡಕ ತೆಗೆಯಬಾರದು, ಬಗ್ಗಬಾರದು ಎಂಬ ಮಗಳ ಷರತ್ತಿಗೆ ಒಪ್ಪಿ ಅತ್ತೆ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಸಿಕೊಂಡು ಕೂತಳು. ಡಿಕ್ಕಿಯ ಮುಚ್ಚಳ ತನ್ನ ಕಣ್ಣೆದುರಿಗೇ ಆಗಬೇಕೆಂದು ಹಟ. ಸಾಣೆಯಣ್ಣ ಮೆಷಿನ್ನು ಹಿಡಿದ. ಅವಳು ನೋಡುತ್ತಿದ್ದಾಳೆಂಬ ದಿಗಿಲಿಗೆ ಕೈ ಮತ್ತೆ ಭಾರವಾಗಿ ಕಪ್ಪು ಗೀಟು ನಿಂತುಬಿಟ್ಟಿತು. ಅತ್ತೆ ಕೂತಲ್ಲಿಂದಲೇ ಕೈ ಚಾಚಿ ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು.

"ಬಿಡು. ಇನ್ನೂ ಬಿಡು. ಹಾಂ, ಈಗ ಹೋಗ್ಲಿ."

ಗೀಟು ಸುತ್ತತೊಡಗಿತು. ಮುಚ್ಚಳ ಮುಗಿಯುವ ತನಕ ಅವಳು ಬೆರಳು ತೆಗೆಯಲಿಲ್ಲ.

ಕೆಲಸ ಮುಗಿದು ಒರೆಸಿದ ಮೇಲೆ ಎದ್ದು ನಿಂತಳು. "ಈಗ ಗಾಡಿ ಹೊರಗೆ ತಗೋ. ಒಂದು ವಾರದಿಂದ ಎಡಗಡೆಯನ್ನ ಗೋಡೆಗೆ ಅಂಟಿಸಿ ನಿಲ್ಲಿಸ್ತಿದ್ದೀಯ. ಏನಿದೆ ಅಲ್ಲಿ?"

ಸಾಣೆಯಣ್ಣ ಕಾರನ್ನು ಬೆಳಕಿಗೆ ತಂದ. ಅತ್ತೆ ಸುತ್ತು ಬಂದು ಬಾನೆಟ್ಟಿನ ಏಣಿನ ಹತ್ತಿರ ನಿಂತಳು. ಅಷ್ಟು ಹಸಿರಿನ ನಡುವೆ ಬೆರಳುದ್ದದ ಕೆಂಪು ಗೆರೆ.

"ಅತ್ತೆ, ನನ್ನದೇ ತಪ್ಪು. ಅವಸರ ಮಾಡಿ ಮಾವನ ಬಣ್ಣ ತೆಗೆದುಬಿಟ್ಟೆ. ಪೇಂಟರನ್ನ ಕರೆಸಿ, ಆದಷ್ಟೂ ಹತ್ತಿರದ ಬಣ್ಣ ಹಚ್ಚಿಸ್ತೀನಿ."

ಅವಳು ಸವೆದುಹೋದ ಬೆರಳ ತುದಿಯನ್ನು ಆ ಕೆಂಪಿನ ಮೇಲೆ ಒಂದು ಸಲ ಎಳೆದಳು, ಮತ್ತೊಂದು ಸಲ ಎಳೆದಳು. ಆಮೇಲೆ ಅವನ ಕೈಯನ್ನು ಹಿಡಿದು ಅವನ ಬೆರಳನ್ನೂ ಅದರ ಮೇಲಿಟ್ಟಳು.

"ಹೇಗಿದೆ?"

"ನುಣುಪಾಗಿದೆ."

"ಎಷ್ಟು?"

"ಗಾಜಿನ ಥರ."

"ಹಸಿರು ಅವರದು. ಇದು ನಾನು ಉಜ್ಜಿದ್ದು. ನಲವತ್ತು ವರ್ಷ ಉಜ್ಜಿದ್ದೀನಿ, ಎಲ್ಲಾ ಬಣ್ಣದ ಕೆಳಗೆ ಹೋಯ್ತು. ಒಬ್ಬರೂ ನೋಡಿಲ್ಲ." ಅವಳು ಕನ್ನಡಕ ಸರಿಮಾಡಿಕೊಂಡಳು. "ನಾನೂ ಈಗಲೇ ನೋಡ್ತಿರೋದು. ಯಾವ ಪೇಂಟರೂ ಬೇಡ, ಹಾಗೇ ಇರ್ಲಿ."

ಸಾಣೆಯಣ್ಣ ಒಳಗೆ ಹೋಗಿ ಮೇಣದ ಡಬ್ಬ ತಂದು, ತುಕ್ಕು ಹಿಡಿಯದಿರಲೆಂದು ಆ ಕೆಂಪು ಗೆರೆಗೆ ಹಚ್ಚತೊಡಗಿದ. ಒತ್ತಲಿಲ್ಲ.